ಒಳಗಿವಿಯ ಕೋಶಗಳ ಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯೊಂದರಲ್ಲಿ ಒಳಗಿವಿಯ ರೋಮಕೋಶಗಳ, ಅಂದರೆ ತಲೆಯ ಮೇಲೆ ಸೂಕ್ಷ್ಮ ಕಡ್ಡಿಗಳ ಗೊಂಚಲು ಹೊತ್ತು ಸದ್ದಿನ ಕಂಪನವನ್ನು ನರದ ಸಂಕೇತವಾಗಿಸುವ ಕೋಶಗಳ, ಚಿತ್ರವೊಂದನ್ನು ಇದೇ ಅಂಕಣದಲ್ಲಿ ಅಚ್ಚುಹಾಕಿದ್ದೆವು. ಅದನ್ನು ನೋಡಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಚ್ಚಿನವು ಬರೆದವರ ಆರೋಗ್ಯಕ್ಕೆ ಸಂಬಂಧಿಸಿದವಾದ್ದರಿಂದ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಇಪ್ಪತ್ತೆಂಟು ವರ್ಷ ಪವರ್‌ಲೂಮ್ ನಡೆಸಿದವನು ನಾನು. ಈಗ ಎರಡು ವರ್ಷದಿಂದ ಮೊಮ್ಮಗಳು ಏನು ಹೇಳುತ್ತಾಳೆಂಬುದು ತಿಳಿಯುವುದಿಲ್ಲ, ಆದರೆ ಗಂಡಸರ ಮಾತು ತಿಳಿಯುತ್ತದೆ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಎಲ್ಲ ಸರಿಯಿದೆ ಎಂದು ವರದಿ ಬಂತು. ಕಿವಿಯ ವೈದ್ಯರು ಮಾತ್ರ ಒಳಗಿನ ಕೋಶಗಳು ಸತ್ತಿವೆ ಎನ್ನುತ್ತಾರೆ. ಸತ್ತಿದ್ದರೆ ಸ್ಕ್ಯಾನಿನಲ್ಲಿ ಕಾಣಬೇಕಿತ್ತಲ್ಲವೇ? ಯಾರನ್ನು ನಂಬಲಿ?
– ಬೆಟಗೇರಿಯ ನೇಕಾರರೊಬ್ಬರು

ಉತ್ತರ: ಇಬ್ಬರನ್ನೂ ನಂಬಬಹುದು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ನಾಳವಿದೆ. ಸುತ್ತು ಬಿಚ್ಚಿ ಅಳೆದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಅದರುದ್ದಕ್ಕೂ ಒಳಸಾಲಿನಲ್ಲಿ ಸುಮಾರು 3,500 ರೋಮಕೋಶಗಳೂ ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000 ರೋಮಕೋಶಗಳೂ ಇವೆ. ಇಂಚಿಗೆ ಎಷ್ಟು ಎಳೆ ಎಂದು ಲೆಕ್ಕ ಹಾಕುವುದು ನಿಮಗೆ ರೂಢಿಯಾದ್ದರಿಂದ ಅದೇ ಲೆಕ್ಕದಲ್ಲಿ ಹೇಳುತ್ತೇನೆ: ಒಳಸಾಲೊಂದರಲ್ಲೇ ಇಂಚಿಗೆ ಎರಡೂವರೆ ಸಾವಿರ ಕೋಶಗಳು. ಅಂದರೆ ಒಂದು ಕೋಶಕ್ಕೆ ಸಿಕ್ಕುವ ಜಾಗ ಮಿಲಿಮೀಟರಿನ ನೂರನೆಯ ಒಂದು ಭಾಗ. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಚಿತ್ರದ ಒಂದೊಂದು ಚುಕ್ಕೆಯೂ ಹೆಚ್ಚುಕಡಿಮೆ ಅರ್ಧ ಮಿಲಿಮೀಟರಿನದು. ಹೀಗಾಗಿ ಒಂದೇ ಚುಕ್ಕೆಯೊಳಗೆ ಸಾಲಿನ ಐವತ್ತು ಕೋಶಗಳು ಅಡಗಿಹೋಗುತ್ತವೆ. ಅವು ಬದುಕಿವೆಯೋ ಸತ್ತಿವೆಯೋ ಎಂಬುದು ಅಲ್ಲಿ ಮೂಡುವ ಸಂಗತಿಯೇ ಅಲ್ಲ. ಗಡ್ಡೆ, ಎಲುಬಿನ ಬೆಳವಣಿಗೆ, ಹುಟ್ಟಿನಿಂದ ಬಂದ ಆಕಾರದ ದೋಷ ಇವೆಯೇ ಎಂದು ನೋಡಲು ನಿಮಗೆ ಸ್ಕ್ಯಾನ್ ಮಾಡಿಸಿದ್ದಾರೆ. ‘ಎಲ್ಲ ಸರಿಯಿದೆ’ ಎಂದರೆ ಅವು ಇಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಒಂದಿಷ್ಟು ಕೋಶಗಳನ್ನು ತೆಗೆದು ನೋಡಬಾರದೇಕೆ ಎಂದು ನೀವು ಕೇಳಬಹುದು. ಚರ್ಮದಿಂದಲೋ ಯಕೃತ್ತಿನಿಂದಲೋ ಚೂರು ತೆಗೆದಂತೆ ಇಲ್ಲಿ ತೆಗೆಯಲಾಗದು. ಕಾಕ್ಲಿಯಾ ಕೂತಿರುವುದು ಕಣತಲೆಯ ಎಲುಬಿನ ಒಳಭಾಗದಲ್ಲಿ; ಅದು ದೇಹದ ಅತಿ ಗಟ್ಟಿ ಎಲುಬುಗಳಲ್ಲೊಂದು, ಅದರ ವೈದ್ಯಕೀಯ ಹೆಸರಿಗೆ ಕಲ್ಲಿನಂಥದ್ದು ಎಂದೇ ಅರ್ಥ. ಅದನ್ನು ಕೊರೆದು ಕೋಶಗಳನ್ನು ಹೊರತೆಗೆದರೆ ಉಳಿದ ಶ್ರವಣವೂ ಹೋಗುತ್ತದೆ. ಆದ್ದರಿಂದ ಬದುಕಿರುವ ಮನುಷ್ಯನ ರೋಮಕೋಶಗಳ ಸ್ಥಿತಿಯನ್ನು ವೈದ್ಯರು ಕೆಲಸದ ಮೂಲಕ ಊಹಿಸುತ್ತಾರೆ. ಮಗ್ಗದ ಸದ್ದಿಗೆ ವರ್ಷಗಟ್ಟಲೆ ಒಡ್ಡಿಕೊಂಡವರ ಆಡಿಯೋಗ್ರಾಮಿನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ) 4,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುವುದು ಸಾಮಾನ್ಯ. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಬಿಡಿಸಿ ಕೇಳಲು ಬೇಕಾದದ್ದು ಎತ್ತರದ ಈ ಭಾಗವೇ. ಮಕ್ಕಳ ದನಿಯೂ ಎತ್ತರದ್ದಾದ್ದರಿಂದ ಮೊಮ್ಮಗಳ ಮಾತು ಮೊದಲು ಕಳೆದುಹೋಗಿದೆ. ಇನ್ನೊಂದು ಪರೀಕ್ಷೆಯೂ ಇದೆ. ಆರೋಗ್ಯವಂತ ಹೊರಸಾಲಿನ ಕೋಶಗಳು ಸದ್ದು ಕೇಳಿದಾಗ ತಾವೂ ಕುಣಿದು ಅತಿ ಸಣ್ಣ ಪ್ರತಿಧ್ವನಿಯನ್ನು ಹೊರಕ್ಕೆ ಕಳಿಸುತ್ತವೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಕಿವಿಯ ಕಾಲುವೆಯಲ್ಲಿ ಮೈಕ್ ಇಟ್ಟು ಅದನ್ನು ಹಿಡಿಯುತ್ತಾರೆ. ಪ್ರತಿಧ್ವನಿ ಬಾರದಿದ್ದರೆ, ನಡುಗಿವಿ ಸರಿಯಿದೆ ಎಂದು ಖಚಿತವಾದ ಮೇಲೆ, ಆ ಭಾಗದ ಕೋಶಗಳು ಕೆಲಸ ನಿಲ್ಲಿಸಿವೆ ಎಂದು ತಿಳಿಯಬೇಕು. ನಿಮ್ಮ ವೈದ್ಯರು ಹೇಳಿದ್ದು ಇಂಥ ಆಧಾರದ ಮೇಲೆ. ಮಗ್ಗದ ಮನೆಯಲ್ಲಿ ಈಗಲೂ ಕೂರುವವರು ನಿಮ್ಮ ಮಕ್ಕಳಾದರೆ ಅವರ ಕಿವಿಗೆ ಮುಚ್ಚಳ ಹಾಕಿಸಿ. ನಿಮಗೆ ಶ್ರವಣಯಂತ್ರದಿಂದ ಉಪಯೋಗವಾಗಬಹುದು.

ಪ್ರಶ್ನೆ: ನೀವು ಅಚ್ಚುಹಾಕಿದ್ದ ಚಿತ್ರವನ್ನು ಪಿಯುಸಿ ಜೀವಶಾಸ್ತ್ರದ ತರಗತಿಯಲ್ಲಿ ತೋರಿಸಿದೆ. ಹಸಿರು ನೆಲದ ಮೇಲೆ ಕೆಂಪು ಕಡ್ಡಿಗಳ ಗೊಂಚಲುಗಳು. ನಿಜವಾಗಿಯೂ ಆ ಬಣ್ಣವೇ, ಕಿವಿಯೊಳಗೆ ಕ್ಯಾಮೆರಾ ಹೋದದ್ದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಿದರು. ಉತ್ತರ ಹೇಳಲಾಗಲಿಲ್ಲ.
– ರಾಣೆಬೆನ್ನೂರಿನ ಉಪನ್ಯಾಸಕಿ

ಉತ್ತರ: ಬಣ್ಣ ಸುಳ್ಳು. ಕಂಪ್ಯೂಟರಿನಲ್ಲಿ ಹಚ್ಚಿದ್ದು. ಅಚ್ಚುಹಾಕುವಾಗಲೇ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನಮ್ಮದು. ಆ ಚಿತ್ರ ತೆಗೆದ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೆಳಕಿನ ಪಾತ್ರವೇ ಇಲ್ಲ. ಎಲೆಕ್ಟ್ರಾನುಗಳ ಸೂಜಿಮೊನೆಯಂಥ ಕಿರಣವೊಂದು ಹೊಲದಲ್ಲಿ ಕೂರಿಗೆ ಹೊಡೆದಂತೆ ಸಾಲು ಸಾಲಾಗಿ ಮಾದರಿಯ ಮೇಲೆ ಓಡುತ್ತದೆ; ಒಂದೊಂದು ಬಿಂದುವಿನಿಂದ ಸಿಡಿದುಬರುವ ಎಲೆಕ್ಟ್ರಾನುಗಳನ್ನು ಯಂತ್ರ ಎಣಿಸಿ, ಹೆಚ್ಚು ಬಂದಲ್ಲಿ ಬಿಳುಪು, ಕಡಿಮೆ ಬಂದಲ್ಲಿ ಕಪ್ಪು ಎಂದು ಚಿತ್ರ ಬರೆಯುತ್ತದೆ. ಬೂದು ಬಣ್ಣದ ಮೂಲಚಿತ್ರವೇ ನನ್ನ ಕಣ್ಣಿಗೆ ಹೆಚ್ಚು ಚೆಂದ.

ಇನ್ನು ಕ್ಯಾಮೆರಾ. ಅದು ಕಿವಿಯೊಳಗೆ ಹೋಗಲಿಲ್ಲ, ಕಿವಿಯೇ ಹೊರಗೆ ಬಂದಿತು. ಇಂಥ ಚಿತ್ರಗಳಲ್ಲಿ ಹೆಚ್ಚಿನವು ಇಲಿ, ಗಿನಿಪಿಗ್, ಕೋಳಿಮರಿ, ಕಪ್ಪೆಗಳವು. ಮನುಷ್ಯರವು ಅಪರೂಪ, ಏಕೆಂದರೆ ಸಾವಿನ ನಂತರ ಕೆಲವೇ ತಾಸುಗಳಲ್ಲಿ ಈ ಕೋಶಗಳು ಕೊಳೆಯತೊಡಗುತ್ತವೆ. ಪ್ರಾಣಿಯ ಕಾಕ್ಲಿಯಾವನ್ನು ತೆಗೆದ ಕೂಡಲೇ ಗ್ಲುಟರಾಲ್ಡಿಹೈಡ್ ಎಂಬ ದ್ರಾವಣವನ್ನು ಅದರೊಳಗೆ ಹಾಯಿಸುತ್ತಾರೆ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದಂತೆ ಬಿಗಿದು, ಕೋಶವನ್ನು ಇದ್ದ ಭಂಗಿಯಲ್ಲೇ ನಿಲ್ಲಿಸುತ್ತದೆ. ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್. ಇದು ಕೊಬ್ಬಿನ ಪೊರೆಗಳನ್ನು ಹಿಡಿದಿಡುತ್ತದೆ, ಆದರೆ ಇದರ ಆವಿ ಕಣ್ಣಿಗೆ ತಾಗಿದರೆ ಕಣ್ಣಿನ ಪಾರದರ್ಶಕ ಪೊರೆಯನ್ನೇ ಕೆಡಿಸಬಲ್ಲದು, ಹಾಗಾಗಿ ಗಾಳಿ ಹೀರುವ ಗೂಡಿನೊಳಗೆ ಮಾತ್ರ ಬಳಸಬೇಕು. ನಂತರ ಸೂಕ್ಷ್ಮದರ್ಶಕದಡಿ ಸಣ್ಣ ಚಿಮುಟದಿಂದ ಎಲುಬಿನ ಚಿಪ್ಪನ್ನು ಚೂರುಚೂರಾಗಿ ಸುಲಿದು, ಕೋಶಗಳ ಮೇಲೆ ಕಂಬಳಿಯಂತೆ ಹೊದ್ದಿರುವ ಟೆಕ್ಟೋರಿಯಲ್ ಪೊರೆಯನ್ನು ಎತ್ತಿ ತೆಗೆಯಬೇಕು. ಇದನ್ನು ಎತ್ತದಿದ್ದರೆ ಕಾಣುವುದು ಕಂಬಳಿ ಮಾತ್ರ. ಎತ್ತುವಾಗ ಕೈ ನಡುಗಿತೋ, ಹೊರಸಾಲಿನ ಕಡ್ಡಿಗಳ ಗೊಂಚಲುಗಳು ಮುರಿದು ಅದರ ಜೊತೆಗೇ ಹೋಗುತ್ತವೆ. ಚಿತ್ರದ ಒಂದು ಮೂಲೆಯಲ್ಲಿ ನಾಲ್ಕಾರು ಗೊಂಚಲುಗಳು ಬೋಳಾಗಿ ಕಂಡರೆ ಅದು ರೋಗವೋ ಚಿಮುಟದ ಕೆಲಸವೋ ಎಂದು ಮೊದಲು ಅನುಮಾನಿಸಬೇಕು.

ಸೂಕ್ಷ್ಮದರ್ಶಕದ ಒಳಗೆ ನಿರ್ವಾತವಿರುವುದರಿಂದ ಹಸಿ ಕೋಶ ಅಲ್ಲಿ ನಿಲ್ಲುವುದಿಲ್ಲ, ಒಣಗಿಸಬೇಕು. ಹಾಗೆಂದು ಗಾಳಿಗೆ ಒಣಗಲು ಬಿಟ್ಟರೆ ನೀರಿನ ಮೇಲ್ಮೈ ಎಳೆತವೇ ಕಡ್ಡಿಗಳನ್ನು, ಮಳೆಯಲ್ಲಿ ತೊಯ್ದ ತಲೆಗೂದಲಿನಂತೆ, ಒಂದಕ್ಕೊಂದು ಅಂಟಿಸಿ ಕೆಡವುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ನೀರನ್ನು ಹಂತಹಂತವಾಗಿ ಮದ್ಯಸಾರದಿಂದಲೂ, ಮದ್ಯಸಾರವನ್ನು ದ್ರವ ಇಂಗಾಲದ ಡೈಆಕ್ಸೈಡಿನಿಂದಲೂ ಬದಲಿಸಿ, ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ವಾತಾವರಣದ 73 ಪಟ್ಟು ಒತ್ತಡವನ್ನೂ ದಾಟಿಸುತ್ತಾರೆ. ಆ ಸ್ಥಿತಿಯಲ್ಲಿ ದ್ರವಕ್ಕೂ ಅನಿಲಕ್ಕೂ ಭೇದವೇ ಉಳಿಯುವುದಿಲ್ಲ. ಮೇಲ್ಮೈ ಇಲ್ಲದ ಮೇಲೆ ಎಳೆತವೆಲ್ಲಿಂದ ಬರಬೇಕು? ಕಡ್ಡಿಗಳು ನಿಂತಲ್ಲೇ ಒಣಗುತ್ತವೆ. ಕೊನೆಗೆ ಚಿನ್ನ ಅಥವಾ ಪ್ಲಾಟಿನಮ್ಮಿನ ಕೆಲವು ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ದಪ್ಪದ ಲೇಪ ಕೊಟ್ಟು ಯಂತ್ರದೊಳಗೆ ಇಡುತ್ತಾರೆ. ಇಷ್ಟೆಲ್ಲದರ ನಡುವೆ ಕೋಶ ಗಣನೀಯವಾಗಿ ಕುಗ್ಗಿರುತ್ತದೆ. ಹೀಗಾಗಿ ವಿದ್ಯಾರ್ಥಿಗಳಿಗೆ ಹೀಗೆ ಹೇಳಿ: ನೀವು ನೋಡಿದ್ದು ಸತ್ತ, ಒಣಗಿದ, ಕುಗ್ಗಿದ, ಚಿನ್ನ ಬಳಿದ ಕೋಶವನ್ನು; ಆದರೂ ಅದರಲ್ಲಿ ಕಡ್ಡಿಗಳು ಮೂರು ಸಾಲುಗಳಲ್ಲಿ ಎತ್ತರಕ್ಕೇರುವ ಮೆಟ್ಟಿಲು, ಹೊರಕೋಶದ ‘ಡಬ್ಲ್ಯೂ’ ಆಕಾರ, ಒಳಕೋಶದ ಹೆಚ್ಚುಕಡಿಮೆ ನೇರವಾದ ಸಾಲು, ಇವೆಲ್ಲ ನಿಜ. ಇಟಲಿಯ ಅಲ್ಫೊನ್ಸೊ ಕೊರ್ಟಿ 1851ರಲ್ಲಿ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಈ ಅಂಗವನ್ನು ವಿವರಿಸಿದಾಗ ಕೋಶಗಳ ಸಾಲುಗಳು ಅವನಿಗೆ ಕಂಡಿದ್ದವು. ಕಡ್ಡಿಗಳ ನಡುವಿನ ಸಂಬಂಧ ಕಾಣುವ ಮಾತೇ ಇರಲಿಲ್ಲ.

ಪ್ರಶ್ನೆ: ಕಡ್ಡಿಯ ತುದಿಯಿಂದ ಪಕ್ಕದ ಎತ್ತರದ ಕಡ್ಡಿಗೆ ಹೋಗುವ ‘ಟಿಪ್ ಲಿಂಕ್’ ಎಳೆಯ ದಪ್ಪ ಒಂದು ಪುಸ್ತಕದಲ್ಲಿ 5 ನ್ಯಾನೊಮೀಟರ್, ಇನ್ನೊಂದರಲ್ಲಿ 10. ನಾನೇ ಒಂದು ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ 20ರ ಹತ್ತಿರ ಬರುತ್ತದೆ. ಯಾವುದು ಸರಿ?
– ಧಾರವಾಡದ ಪ್ರಾಣಿಶಾಸ್ತ್ರ ವಿದ್ಯಾರ್ಥಿ

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು. ಮೂರೂ ಅಳತೆಗಳು ಸರಿ, ಆದರೆ ಮೂರೂ ಬೇರೆ ಬೇರೆ ವಸ್ತುಗಳ ಅಳತೆಗಳು.

ಎಳೆಯನ್ನು ಮೊದಲು ಗುರುತಿಸಿದ್ದು 1984ರಲ್ಲಿ, ಬರ್ಮಿಂಗ್‌ಹ್ಯಾಮಿನ ಪಿಕಲ್ಸ್, ಕೋಮಿಸ್ ಮತ್ತು ಆಸ್ಬೋರ್ನ್, ಗಿನಿಪಿಗ್ಗಿನ ಕಾಕ್ಲಿಯಾದಲ್ಲಿ. ಎಳೆ ಇರುವ ದಿಕ್ಕನ್ನು ನೋಡಿಯೇ ಅವರು ಅದರ ಕೆಲಸವನ್ನೂ ಊಹಿಸಿದರು: ಗೊಂಚಲು ಎತ್ತರದ ಕಡೆಗೆ ಬಾಗಿದಾಗ ಎಳೆ ಬಿಗಿಯುತ್ತದೆ, ಬಿಗಿದಾಗ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಕೋಶದೊಳಗೆ ಬರುವ ಬಾಗಿಲು ತೆರೆಯುತ್ತದೆ. ಬರಿಯ ಆಕಾರ ನೋಡಿ ಮಾಡಿದ ಈ ಊಹೆ ಮುಂದಿನ ಪ್ರಯೋಗಗಳಲ್ಲಿ ನಿಂತಿತು. ಸ್ಕ್ಯಾನಿಂಗ್ ಚಿತ್ರದಲ್ಲಿ ಎಳೆಯ ಎರಡೂ ಬದಿಗೆ ಲೋಹದ ಲೇಪ ಸೇರಿರುತ್ತದೆ. ಬದಿಗೆ 5 ನ್ಯಾನೊಮೀಟರ್ ಎಂದು ಹಿಡಿದರೂ ಎರಡೂ ಕೂಡಿ 10 ಹೆಚ್ಚಾಯಿತು. ನಿಮಗೆ ಸಿಕ್ಕ 20ರಲ್ಲಿ ಅರ್ಧ ಲೋಹವೇ ಇರಬೇಕು. ಅತಿವೇಗದಲ್ಲಿ ಹೆಪ್ಪುಗಟ್ಟಿಸಿ, ಮೇಲಿನ ಮಂಜನ್ನು ಆವಿಯಾಗಿಸಿ, ಲೋಹದ ಅಚ್ಚು ತೆಗೆಯುವ ವಿಧಾನದಲ್ಲಿ ಬೆಚಾರಾ ಕಚಾರ್ ಮತ್ತು ಸಂಗಡಿಗರು 2000ದಲ್ಲಿ ಅಳೆದದ್ದು 8ರಿಂದ 11, ಉದ್ದ 150ರಿಂದ 200 ನ್ಯಾನೊಮೀಟರ್. ಎಳೆ ಒಂಟಿಯಲ್ಲ, ಎರಡು ತಂತುಗಳನ್ನು ಹೊಸೆದದ್ದು ಎಂದು ಕಂಡದ್ದೂ ಆ ಚಿತ್ರಗಳಲ್ಲೇ. ಅದು ಕ್ಯಾಡ್ಹೆರಿನ್ 23 ಮತ್ತು ಪ್ರೋಟೋಕ್ಯಾಡ್ಹೆರಿನ್ 15 ಎಂಬ ಎರಡು ಪ್ರೋಟೀನುಗಳ ಜೋಡಿಗಳು ತುದಿಗೆ ತುದಿ ಸೇರಿ ಆದ ಎಳೆ ಎಂಬುದು 2007ರಲ್ಲಿ ತಿಳಿಯಿತು. ಇಂಥ ಪ್ರೋಟೀನಿನ ಒಂದು ತಂತು ಎರಡು-ಮೂರು ನ್ಯಾನೊಮೀಟರ್ ದಪ್ಪ; ಎರಡನ್ನು ಹೊಸೆದರೆ 5ರ ಹತ್ತಿರ ಬರುತ್ತದೆ. ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬರಿಯ ನೂಲಿನ ದಪ್ಪ ಬೇರೆ, ಗಂಜಿ ಹಾಕಿದ ನೂಲಿನ ದಪ್ಪ ಬೇರೆ.

ಬೆಳಕಿನ ಸೂಕ್ಷ್ಮದರ್ಶಕ ಇಲ್ಲಿ ಏಕೆ ಸೋಲುತ್ತದೆ ಎಂಬುದೂ ನಿಮ್ಮ ಪ್ರಶ್ನೆಯ ಹಿಂದೆ ಇದೆ. ಬೆಳಕಿನ ಅಲೆಯುದ್ದದ ಅರ್ಧಕ್ಕಿಂತ, ಅಂದರೆ ಸುಮಾರು 200 ನ್ಯಾನೊಮೀಟರಿಗಿಂತ, ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಮಸೂರ ಬಿಡಿಸಲಾರದು. ಎಳೆಯ ಇಡೀ ಉದ್ದವೇ ಅಷ್ಟು. ಈ ಮಿತಿಯನ್ನು ಜಾಣತನದಿಂದ ದಾಟಿದ್ದಕ್ಕೆ ಬೆಟ್ಜಿಗ್, ಹೆಲ್ ಮತ್ತು ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೂ ಎಳೆಯ ಮೈಯನ್ನು ನೋಡಬೇಕೆಂದರೆ ಎಲೆಕ್ಟ್ರಾನುಗಳೇ ಬೇಕು. ಬೆಳಕಿನ ಬಲ ಇರುವುದು ಬೇರೆ ಕಡೆ: ಅದರಿಂದ ಜೀವಂತ ಕೋಶವನ್ನು ನೋಡಬಹುದು. 2009ರಲ್ಲಿ ಇಲಿಯ ಜೀವಂತ ಕೋಶಗಳಲ್ಲಿ, ಬಾಗಿಲಿನಿಂದ ಒಳಬರುವ ಕ್ಯಾಲ್ಸಿಯಂ ಸೇರಿದಾಗ ಹೊಳೆಯುವ ಬಣ್ಣವನ್ನು ತುಂಬಿ, ಗೊಂಚಲನ್ನು ಬಾಗಿಸಿ, ಹೊಳಪು ಎಲ್ಲಿ ಮೊದಲಾಗುತ್ತದೆ ಎಂದು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಎಳೆಗಳ ಮೇಲ್ತುದಿಗಳಷ್ಟೇ ಸೇರುವ ಅತಿ ಎತ್ತರದ ಸಾಲಿನಲ್ಲಿ ಹೊಳಪೇ ಇಲ್ಲ! ಅಂದರೆ ಬಾಗಿಲು ಇರುವುದು ಎಳೆಯ ಕೆಳತುದಿಯಲ್ಲಿ. ಅದಕ್ಕೂ ಮುಂಚೆ ಎರಡೂ ತುದಿಗಳಲ್ಲಿರಬಹುದು ಎಂಬ ಅಭಿಪ್ರಾಯವಿತ್ತು. ಎಷ್ಟೇ ತೀಕ್ಷ್ಣವಾದ ಎಲೆಕ್ಟ್ರಾನ್ ಚಿತ್ರದಿಂದಲೂ ಇದು ತೀರ್ಮಾನವಾಗುತ್ತಿರಲಿಲ್ಲ.

ನೀವು ಮುಂದೆ ಇದೇ ಕೆಲಸಕ್ಕೆ ಇಳಿಯುವವರಾದರೆ ನನ್ನದೊಂದು ಮೂರ್ಖತನ ನಿಮಗೆ ಉಪಯೋಗಕ್ಕೆ ಬಂದೀತು. ಹೊಸದಾಗಿ ಈ ಕೆಲಸ ಕಲಿಯುತ್ತಿದ್ದಾಗ ಕೋಳಿಮರಿಯ ಒಳಗಿವಿಯನ್ನು ಸಿದ್ಧಮಾಡಿದ್ದೆ. ಗೊಂಚಲುಗಳು ಮುತ್ತು ಜೋಡಿಸಿದಂತೆ ಬಂದವು. ಎಳೆ ಮಾತ್ರ ಒಂದೂ ಇಲ್ಲ. ಒಂದು ವಾರ ಯಂತ್ರವನ್ನು ಬೈದೆ, ಲೇಪವನ್ನು ಬೈದೆ. ನಮ್ಮ ಪ್ರಯೋಗಾಲಯದ ಹಿರಿಯ ಸಹಾಯಕರು ನಾನು ಬರೆದಿಟ್ಟ ಪುಸ್ತಕವನ್ನು ತಿರುವಿಹಾಕಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಗ್ಲುಟರಾಲ್ಡಿಹೈಡಿಗೆ ಹಾಕುವ ಮುನ್ನ ರಕ್ತ ಹೋಗಲೆಂದು ತೊಳೆದ ನೀರಿಗೆ ನಾನು ಕ್ಯಾಲ್ಸಿಯಂ ಸೇರಿಸದೆ ಬಿಟ್ಟಿದ್ದೆ, ಸಾಲದೆಂದು ಕ್ಯಾಲ್ಸಿಯಂ ಹೀರಿಕೊಳ್ಳುವ ಇಡಿಟಿಎ ಬೇರೆ ಹಾಕಿದ್ದೆ. ಕ್ಯಾಡ್ಹೆರಿನ್ನುಗಳು ಗಟ್ಟಿಯಾಗಿ ನಿಲ್ಲುವುದೇ ಕ್ಯಾಲ್ಸಿಯಂ ಬಲದಿಂದ. ಅದನ್ನು ಕಸಿದರೆ ಎಳೆ ಕಡಿದುಹೋಗುತ್ತದೆ. ಎಲುಬನ್ನು ಮೆದುಮಾಡಲು ಇಡಿಟಿಎ ಬೇಕೇ ಬೇಕಾದಾಗಲೂ ಪ್ರೋಟೀನುಗಳು ಬಿಗಿದ ಮೇಲೆಯೇ ಬಳಸಬೇಕು. ಮರುವಾರ ಕ್ಯಾಲ್ಸಿಯಂ ಸೇರಿಸಿದೆ. ಎಳೆಗಳು ಬಂದವು.

ಈಗಿನ ದಾರಿ ಇನ್ನೂ ನೇರವಾದದ್ದು. ಕೋಶವನ್ನು ಹರಳುಗಟ್ಟಲು ಬಿಡದೆ ಗಾಜಿನಂಥ ಮಂಜಿನಲ್ಲಿ ಹಿಡಿದು, ಬಣ್ಣ-ಲೇಪಗಳಿಲ್ಲದೆ, ನಾನಾ ಕೋನಗಳಿಂದ ಎಲೆಕ್ಟ್ರಾನ್ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ಗಾಜಿನಂಥ ಮಂಜಿನ ಸೂಕ್ಷ್ಮದರ್ಶನಕ್ಕಾಗಿ ದುಬೋಶೆ, ಫ್ರಾಂಕ್ ಮತ್ತು ಹೆಂಡರ್ಸನ್ 2017ರಲ್ಲಿ ನೊಬೆಲ್ ಪಡೆದರು. ಬಾಗಿಲಿನ ಮುಖ್ಯ ಭಾಗವಾದ ಟಿಎಂಸಿ-1 ಪ್ರೋಟೀನಿನ ರಚನೆ 2022ರಲ್ಲಿ ಹೊರಬಂದದ್ದು ಇದೇ ವಿಧಾನದಿಂದ. ಆದರೆ ಆ ಪ್ರೋಟೀನನ್ನು ತೆಗೆದದ್ದು ಕಿವಿಯೇ ಇಲ್ಲದ ಒಂದು ಸಣ್ಣ ದುಂಡುಹುಳುವಿನಿಂದ. ಒಂದು ಕಿವಿಯಲ್ಲಿ ಇರುವುದೇ ಹದಿನೈದು ಸಾವಿರ ಕೋಶ. ಅಷ್ಟರಿಂದ ಬೇಕಾದಷ್ಟು ಪ್ರೋಟೀನು ಕೂಡಿಬರುವುದಿಲ್ಲ. ಹುಳುಗಳನ್ನಾದರೆ ಲೆಕ್ಕವಿಲ್ಲದಷ್ಟು ಸಾಕಬಹುದು.

ಪ್ರಶ್ನೆ: ಜಾತ್ರೆಯಲ್ಲಿ ಧ್ವನಿವರ್ಧಕದ ಪಕ್ಕ ರಾತ್ರಿಯಿಡೀ ನಿಂತಿದ್ದೆ. ಮರುದಿನ ಕಿವಿಯಲ್ಲಿ ಹತ್ತಿ ತುಂಬಿದಂತಿತ್ತು, ಗುಂಯ್ ಎನ್ನುತ್ತಿತ್ತು. ಎರಡನೆಯ ದಿನ ತಾನಾಗಿ ಸರಿಹೋಯಿತು. ಸತ್ತ ಕೋಶ ಮತ್ತೆ ಹುಟ್ಟಿತೇ?
– ಹಳೇ ಹುಬ್ಬಳ್ಳಿಯ ಓದುಗರು

ಉತ್ತರ: ಇಲ್ಲ. ಸ್ತನಿಗಳ ಕಾಕ್ಲಿಯಾದಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಕೋಳಿಯಲ್ಲಿ, ಕ್ವೈಲ್ ಹಕ್ಕಿಯಲ್ಲಿ ಹುಟ್ಟುತ್ತದೆ ಎಂದು 1988ರಲ್ಲಿ ತಿಳಿಯಿತು. ನಿಮ್ಮ ಕೋಶಗಳು ಸತ್ತಿರಲಿಲ್ಲ, ಬಳಲಿದ್ದವು. ಕೋಳಿಮರಿಯ ಕೋಶಗಳಲ್ಲಿ ರಾಸಾಯನಿಕದಿಂದ ಎಳೆಗಳನ್ನು ಕಡಿದು ನೋಡಿದಾಗ ಸುಮಾರು ಒಂದು ದಿನದಲ್ಲಿ ಅವು ಮತ್ತೆ ಕೂಡಿಕೊಂಡವು. ದೊಡ್ಡ ಸದ್ದಿನ ನಂತರ ಕಿವಿ ಚೇತರಿಸಿಕೊಳ್ಳುವ ಹಲವು ಬಗೆಗಳಲ್ಲಿ ಇದೂ ಒಂದಿರಬಹುದು.

ಆದರೆ ಸರಿಹೋಯಿತು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಇಲಿಗಳಿಗೆ ಎರಡು ತಾಸು 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವು ವಾರಗಳಲ್ಲಿ ಶ್ರವಣ ಪರೀಕ್ಷೆ ಮೊದಲಿನಂತೆ ಬಂತು, ರೋಮಕೋಶಗಳೂ ಎಲ್ಲ ಇದ್ದವು. ಆದರೆ ಒಳಕೋಶದ ಬುಡದಲ್ಲಿ ನರದ ತುದಿಗಳು ಸೇರುವ ಸಂಧಿಗಳಿಗೆ ಬಣ್ಣ ಹಚ್ಚಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ, ಎತ್ತರದ ಸ್ವರಗಳನ್ನು ಕೇಳುವ ಭಾಗದಲ್ಲಿ ಅರ್ಧದಷ್ಟು ಸಂಧಿಗಳು ಮಾಯವಾಗಿದ್ದವು. ಮರಳಿ ಬರಲೂ ಇಲ್ಲ. ಎಲ್ಲರೂ ಕೋಶದ ತಲೆಯ ಕಡ್ಡಿಗಳನ್ನೇ ನೋಡುತ್ತಿದ್ದುದರಿಂದ ಬುಡದ ನಷ್ಟ ಬಹುಕಾಲ ಕಣ್ಣಿಗೆ ಬಿದ್ದಿರಲಿಲ್ಲ. 85 ಡೆಸಿಬೆಲ್ಲಿಗೆ ಎಂಟು ತಾಸು, ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅರ್ಧರ್ಧ ಸಮಯ ಎಂಬುದು ಕೆಲಸದ ಜಾಗಗಳಿಗೆ ವ್ಯಾಪಕವಾಗಿ ಹೇಳುವ ಮಿತಿ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಸಿಕ್ಕುವುದು ಹದಿನೈದು ನಿಮಿಷ ಮಾತ್ರ. ಮುಂದಿನ ವರ್ಷ ಪೆಟ್ಟಿಗೆಯಿಂದ ದೂರ ನಿಲ್ಲಿ.

ಪ್ರಶ್ನೆ: ತಾಯಿಗೆ ಮಗ್ಗುಲು ಬದಲಿಸಿದರೆ ತಲೆ ತಿರುಗುತ್ತದೆ. ಒಳಗಿವಿಯ ದೋಷ ಎನ್ನುತ್ತಾರೆ, ಆದರೆ ಕೇಳಿಸುವುದು ಚೆನ್ನಾಗಿದೆ. ಅದೇ ಕೋಶಗಳೇ?
– ಲಕ್ಷ್ಮೇಶ್ವರದಿಂದ

ಉತ್ತರ: ಅದೇ ಕುಲದ ಕೋಶಗಳು, ಬೇರೆ ಮನೆ. ಸಮತೋಲದ ಅಂಗಗಳ ರೋಮಕೋಶದಲ್ಲಿ ಮೆಟ್ಟಿಲು ಗೊಂಚಲಿನ ಎತ್ತರದ ಕೊನೆಗೆ ಕೈನೊಸಿಲಿಯಂ ಎಂಬ ಒಂಟಿ ಕೂದಲೊಂದು ಹೆಚ್ಚಿಗೆ ಇರುತ್ತದೆ. ಗೊಂಚಲು ಅದರತ್ತ ಬಾಗಿದರೆ ನರ ಚುರುಕಾಗುತ್ತದೆ, ಎದುರು ದಿಕ್ಕಿಗೆ ಬಾಗಿದರೆ ಮಂಕಾಗುತ್ತದೆ. ಆ ಕೂದಲು ಎಲ್ಲಿದೆ ಎಂದು ಎಲೆಕ್ಟ್ರಾನ್ ಚಿತ್ರದಲ್ಲಿ ನೋಡಿಯೇ ಕೋಶ ಯಾವ ದಿಕ್ಕಿನದೆಂದು ಹೇಳಬಹುದು. ಮಗ್ಗುಲು ಬದಲಿಸಿದಾಗ ಕೆಲವೇ ಕ್ಷಣ ತಲೆ ತಿರುಗುವುದಕ್ಕೆ ಸಾಮಾನ್ಯ ಕಾರಣ, ಒಂದು ಅಂಗದಲ್ಲಿರಬೇಕಾದ ಸುಣ್ಣದ ಸಣ್ಣ ಹರಳುಗಳು ಜಾರಿ ಪಕ್ಕದ ಅರ್ಧವೃತ್ತ ನಾಳಕ್ಕೆ ಸೇರುವುದು. ಕೋಶಗಳು ಸತ್ತಿರುವುದಿಲ್ಲ. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಹೊರಡಿಸುವ ವಿಧಾನ ಕಿವಿಯ ವೈದ್ಯರಿಗೆ ಗೊತ್ತಿರುತ್ತದೆ. ಸ್ವತಃ ಪ್ರಯೋಗ ಮಾಡುವ ಮೊದಲು ತೋರಿಸಿ.

ಪ್ರಶ್ನೆ: ಬೆಳ್ಳುಳ್ಳಿ ಕಾಸಿದ ಎಣ್ಣೆ ಹಾಕಿದರೆ ಆ ಕೋಶಗಳಿಗೆ ಶಕ್ತಿ ಬರುತ್ತದೆಯೇ?
– ಬ್ಯಾಡಗಿಯಿಂದ

ಉತ್ತರ: ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ನಡುವೆ ಕಿವಿಪೊರೆ ಇದೆ, ಅದರಾಚೆ ಗಾಳಿ ತುಂಬಿದ ಕೋಣೆ ಇದೆ, ಅದರಾಚೆ ಎಲುಬಿನ ಗೋಡೆ. ಪೊರೆ ತೂತಾಗಿದ್ದರೆ ಎಣ್ಣೆ ಆ ಕೋಣೆಗೆ ಇಳಿದು ಸೋಂಕಿಗೆ ಕಾರಣವಾಗಬಹುದು. ಅಂಥ ಕಿವಿಗೆ ಚೀಟಿಯಿಲ್ಲದೆ ಅಂಗಡಿಯಿಂದ ತಂದ, ರೋಮಕೋಶಗಳಿಗೆ ವಿಷವಾಗಬಲ್ಲ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹನಿ ಹಾಕುವುದು ಇನ್ನೂ ಅಪಾಯ: ಅದು ಒಳಗಿವಿಯ ದುಂಡುಕಿಟಕಿಯ ತೆಳುಪೊರೆಯ ಮೂಲಕ ನುಸುಳಬಲ್ಲದು, ಮತ್ತು ರೋಮಕೋಶದೊಳಗೆ ಅದು ಹೋಗುವ ದಾರಿ ಮೇಲೆ ಹೇಳಿದ ಎಳೆಯ ಕೆಳತುದಿಯ ಬಾಗಿಲೇ. ಕಿವಿ ಸೋರುತ್ತಿದ್ದರೆ ಯಾವ ಹನಿಯನ್ನೂ ಹಾಕದೆ ವೈದ್ಯರಿಗೆ ತೋರಿಸಿ.